ಚೀಲ ನೋಡುವಾಕಿ

ಶಾಲೆಗೆ ಪೊಲೀಸರನ್ನು ಕಳಿಸಿರಿ ಎಂದು ಕೇಳಿದವರು ಕೇರಿಯವರೇ. ಇದನ್ನು ಮೊದಲೇ ಹೇಳಿಬಿಡಬೇಕು. ಹದಿನಾಲ್ಕು ಮನೆಯವರು ಎರಡು ಟಂಟಂ ಗಾಡಿಗಳಲ್ಲಿ ಒಬ್ಬರ ತೊಡೆಯ ಮೇಲೊಬ್ಬರು ಕುಂತು ಜಾಲಿದೊಡ್ಡಿಯಿಂದ ದೇವದುರ್ಗಕ್ಕೆ ಹೋಗಿದ್ದರು. ಠಾಣೆಯ ಮುಂದಿನ ಬೇವಿನ ಮರದ ಕೆಳಗೆ ಮಧ್ಯಾಹ್ನ ಮೂರರ ತನಕ ಕಾದು ಅರ್ಜಿ ಕೊಟ್ಟು ಬಂದಿದ್ದರು. ‘ನಮ್ಮ ಮಕ್ಕಳಿಗೆ ಶಾಲೆಯಲ್ಲಿ ರಕ್ಷಣೆ ಕೊಡಬೇಕು’ ಎಂಬುದು ಅರ್ಜಿಯ ಕೊನೆಯ ಸಾಲು. ಅದರ ಕೆಳಗೆ ಹದಿನಾಲ್ಕು ಗುರುತು. ಮೊದಲನೆಯದು ಸೂಗಮ್ಮನ ಹೆಬ್ಬೆಟ್ಟು. ಪೆಟ್ಟು ತಿಂದವಳು ಅವಳ ಮಗಳು.

ಮಗಳ ಹೆಸರು ಕಲ್ಯಾಣಿ. ಒಂಬತ್ತನೇ ತರಗತಿ. ಅವಳು ಮಾಡಿದ ತಪ್ಪು, ಮೇಡಂ ಹೇಳಿದ ಪಾಠವನ್ನು ನಂಬಿದ್ದು. ಕೇರಿಯ ಬೋರಿನ ನೀರಿನಲ್ಲಿ ಫ್ಲೋರೈಡಿದೆ. ಅಲ್ಲಿಯ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಗಳಿವೆ. ನಲವತ್ತು ದಾಟಿದವರ ಮೊಣಕಾಲು ಬಾಗಿವೆ. ವಿಜ್ಞಾನ ಕಲಿಸುವ ಆತಿಯಾ ಮೇಡಂ ರಾಯಚೂರಿನಿಂದ ಬಸ್ಸಿನಲ್ಲಿ ಬಂದು ಹೋಗುವವರು. ಆ ನೀರು ಕುಡಿಯಬೇಡಿರಿ, ಶಾಲೆಯ ಪಡಸಾಲೆಯಲ್ಲಿ ದಾನಿಗಳು ಕೂಡಿಸಿದ ಫಿಲ್ಟರಿನ ನೀರು ಕುಡಿಯಿರಿ ಎಂದು ಹೇಳಿದ್ದರು. ಆ ಫಿಲ್ಟರಿನ ನಲ್ಲಿಯನ್ನು ಕೇರಿಯ ಮಕ್ಕಳು ಮುಟ್ಟಬಾರದು, ಬೇರೆ ಯಾರಾದರೂ ತಿರುವಿ ಮೇಲಿನಿಂದ ಬಿಡಬೇಕು ಎಂಬುದನ್ನು ಅವರು ಹೇಳಲಿಲ್ಲ. ಅದು ಯಾವ ಗೋಡೆಯ ಮೇಲೂ ಬರೆದಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಆಗಸ್ಟಿನ ಒಂದು ಮಧ್ಯಾಹ್ನ ನೀರು ಬಿಡುವವರು ಯಾರೂ ಕಾಣದೆ ಕಲ್ಯಾಣಿ ತಾನೇ ನಲ್ಲಿ ತಿರುವಿದಳು. ಬಾಟಲಿ ಅರ್ಧ ತುಂಬಿತ್ತು. ಕಾಂಪೌಂಡು ಹಾರಿ ಬಂದ ಮೀಸೆ ಹೊತ್ತ ಇಬ್ಬರು, ಊರಿನ ದೊಡ್ಡ ಮನೆಯವರು, ಜಡೆ ಹಿಡಿದು ಅವಳನ್ನು ಮೂರು ಮೆಟ್ಟಿಲು ಕೆಳಗೆ ಎಳೆದರು. ಹುಬ್ಬಿನ ಮೇಲೆ ನಾಲ್ಕು ಹೊಲಿಗೆ ಬಿದ್ದವು.

ಕೇಳಿದ ರಕ್ಷಣೆ ಬಂತು. ಮುಂದಿನ ಸೋಮವಾರವೇ ಹೆಡ್ ಕಾನ್‌ಸ್ಟೇಬಲ್ ಕೊಟ್ರೇಶ ಬೈಕಿನ ಮೇಲೆ ಬಂದು ಶಾಲೆಯ ಗೇಟಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕುಂತ. ಹೊಡೆದವರಿಬ್ಬರೂ ಅವನಿಗೆ ಚಹಾ ತಂದುಕೊಟ್ಟರು. ಅರ್ಜಿ ಅರ್ಜಿಯಾಗಿಯೇ ಉಳಿಯಿತು, ಕೇಸಾಗಲಿಲ್ಲ. ಶಾಂತಿ ಕಾಪಾಡಲು ಫಿಲ್ಟರಿಗೆ ಬೀಗ ಹಾಕಿದರು. ಎಲ್ಲ ಮಕ್ಕಳೂ ಅದರ ನೀರು ಕಳೆದುಕೊಂಡರು, ಸಿಟ್ಟು ಮಾತ್ರ ಕೇರಿಯ ಮಕ್ಕಳ ಮೇಲೆ ಬಂತು.

ಆಮೇಲೆ ಚೀಲ ನೋಡುವುದು ಶುರುವಾಯಿತು. ಪೆಟ್ಟು ತಿಂದವರು ಸುಮ್ಮನಿರುತ್ತಾರೆಯೇ, ಸೇಡಿಗೆ ಏನಾದರೂ ಹೊತ್ತು ತಂದಾರು ಎಂದು ಹೆಡ್ ಮಾಸ್ತರ ಚನ್ನವೀರ ಸರ್ ಲೆಕ್ಕ ಹಾಕಿದರು. ಹೊಡೆದವರ ಮನೆಯ ಮಕ್ಕಳ ಚೀಲವನ್ನು ಯಾರೂ ನೋಡಲಿಲ್ಲ. ಕೇರಿಯವರದ್ದಷ್ಟೇ. ಹುಡುಗರ ಚೀಲವನ್ನು ಕೊಟ್ರೇಶನೇ ನೋಡುತ್ತಿದ್ದ. ಹುಡುಗಿಯರ ಚೀಲಕ್ಕೆ ಗಂಡಸು ಕೈ ಹಾಕುವಂತಿಲ್ಲ, ಕಾನೂನಿದೆ ಎಂದ. ಹೆಣ್ಣು ಪೊಲೀಸು ಠಾಣೆಯಲ್ಲಿ ಒಬ್ಬಳೇ, ಅವಳು ಬರಲಾರಳು. ಯಾರಾದರೂ ಒಂದು ಹೆಣ್ಣು ಬೇಕು, ಅಷ್ಟೇ. ಚನ್ನವೀರ ಸರ್ ಅಡುಗೆ ಕೋಣೆಯ ಹಿಂದೆ ಕುಂತು ಕೊಪ್ಪರಿಗೆ ತಿಕ್ಕುತ್ತಿದ್ದ ಸೂಗಮ್ಮನ ಕಡೆ ಬೆರಳು ಮಾಡಿದರು.

ಸೂಗಮ್ಮ ಬಿಸಿಯೂಟದ ಸಹಾಯಕಿ. ಹಾಗೆಂದು ಕಾಗದದಲ್ಲಿದೆ. ಅಕ್ಕಿ ಹಸನು ಮಾಡುವುದು, ಕಟ್ಟಿಗೆ ಹೊರುವುದು, ಒಲೆಯ ಬೂದಿ ತೆಗೆಯುವುದು, ಇವೆಲ್ಲ ಅವಳ ಪಾಲು. ಅಕ್ಕಿ ನೀರಿಗೆ ಬಿದ್ದು ಅನ್ನವಾಗಲು ಶುರುವಾದ ಕೂಡಲೇ ಅವಳು ಹೊರಗೆ ಹೋಗಬೇಕು. ಉಂಡಾದ ಮೇಲೆ ಮತ್ತೆ ಬರಬೇಕು. ಇಬ್ಬರು ಎತ್ತುವ ಎರಡು ಕೊಪ್ಪರಿಗೆಗಳನ್ನು ಒಬ್ಬಳೇ ಉರುಳಿಸಿಕೊಂಡು ಹಿಂದಕ್ಕೆ ಒಯ್ಯಬೇಕು. ತಳಕ್ಕೆ ಹತ್ತಿದ ಅನ್ನವನ್ನು ಕಲ್ಲಿನ ಚೂರಿನಿಂದ ಕೆರೆಯಬೇಕು. ಆಮೇಲೆ ಮೂರು ಪಾಯಖಾನೆ. ಬೂದಿ, ಸೋಪು, ಆಸಿಡ್ಡು, ಮೂರೂ ಸೇರಿ ಅವಳ ಬೆರಳಿನ ಗೆರೆಗಳನ್ನು ತಿಂದಿದ್ದವು. ಪಡಿತರ ಅಂಗಡಿಯ ಯಂತ್ರ ಅವಳ ಹೆಬ್ಬೆರಳನ್ನು ಮೂರು ಸಲ ಒತ್ತಿಸಿಕೊಂಡು ಆಮೇಲೆ ಒಪ್ಪುತ್ತಿತ್ತು. ಗಂಡ ಹಂಪಯ್ಯ ಮಾನ್ವಿಯ ಅಕ್ಕಿ ಗಿರಣಿಯೊಂದರಲ್ಲಿ ಹಮಾಲಿ. ಭಾನುವಾರ ಬರುತ್ತಿದ್ದ. ಇಬ್ಬರಿಗೂ ಇದ್ದುದು ಒಂದೇ ಹಟ. ಕಲ್ಯಾಣಿ ಹತ್ತನೇ ತರಗತಿ ಮುಗಿಸಬೇಕು. ಆಮೇಲಿನದನ್ನು ಆಮೇಲೆ ನೋಡೋಣ.

ಚೀಲ ನೋಡುವ ಕೆಲಸ ತನಗೆ ಬೇಡ ಎಂದು ಸೂಗಮ್ಮ ಅಂದಳು. ಬೇಡವಾದರೆ ಕೊಪ್ಪರಿಗೆಯೂ ಬೇಡ ಎಂದು ಚನ್ನವೀರ ಸರ್ ಅಂದರು. ಕೂಗಾಡಲಿಲ್ಲ. ಅವರು ಎಂದೂ ಕೂಗಾಡುವವರಲ್ಲ.

ಕೇರಿಯಿಂದ ಬರುವ ಹುಡುಗಿಯರು ಹನ್ನೊಂದು. ಬೆಳಿಗ್ಗೆ ಒಂಬತ್ತೂವರೆಗೆ ಗೇಟಿನ ಎಡಕ್ಕೆ ಸಾಲು ನಿಲ್ಲಬೇಕು. ಊರ ಹುಡುಗಿಯರು ಬಲಗಡೆಯಿಂದ ಹೋಗುತ್ತಿದ್ದರು, ಹೋಗುತ್ತ ನೋಡುತ್ತಿದ್ದರು. ಸೂಗಮ್ಮ ಒಂದೊಂದೇ ಚೀಲಕ್ಕೆ ಕೈ ಇಳಿಸುತ್ತಿದ್ದಳು. ಯಾರ ಡಬ್ಬಿ ಖಾಲಿ ಎಂಬುದು ಅವಳ ಬೆರಳಿಗೆ ಗೊತ್ತಾಗುತ್ತಿತ್ತು. ಯಾರ ನೋಟ್‌ಬುಕ್ಕಿನ ನಡುವೆ ಮಡಚಿದ ಬಟ್ಟೆ ಇದೆ ಎಂಬುದೂ ಗೊತ್ತಾಗುತ್ತಿತ್ತು. ಮೊದಲ ವಾರ ಹುಡುಗಿಯರು ‘ಚಿಗವ್ವ, ನನ್ನ ಚೀಲದಾಗ ಬಾಂಬ್ ಅದ, ಮೆಲ್ಲಕ ಕೈ ಹಾಕು’ ಎಂದು ನಗುತ್ತಿದ್ದರು. ಎರಡನೇ ವಾರ ನಗು ನಿಂತಿತು. ಮೂರನೇ ವಾರ ಚಿಗವ್ವ ಎನ್ನುವುದೂ ನಿಂತಿತು. ಕೇರಿಯ ಸಣ್ಣ ಮಕ್ಕಳು ಸಂಜೆ ಹೊಸ ಆಟ ಆಡತೊಡಗಿದ್ದವು. ಒಂದು ಮಗು ಕುರ್ಚಿಯ ಹಾಗೆ ಕಲ್ಲಿನ ಮೇಲೆ ಕೂಡುತ್ತಿತ್ತು. ಒಂದು ಸೂಗಮ್ಮ ಆಗುತ್ತಿತ್ತು. ಉಳಿದವು ಸಾಲು ನಿಲ್ಲುತ್ತಿದ್ದವು. ಸೂಗಮ್ಮ ಆಗಲು ಯಾವ ಮಗುವೂ ಒಪ್ಪದೆ ಜಗಳವಾಗುತ್ತಿತ್ತು.

ಕಲ್ಯಾಣಿ ತಾಯಿಗೆ ಏನೂ ಅನ್ನುತ್ತಿರಲಿಲ್ಲ. ಸಾಲಿನಲ್ಲಿ ಕೊನೆಗೆ ನಿಲ್ಲುತ್ತಿದ್ದಳು. ತಾಯಿಯ ಕೈ ಚೀಲದೊಳಗೆ ಇರುವಷ್ಟು ಹೊತ್ತು ರಸ್ತೆಯ ಆಚೆ ಹತ್ತಿಯ ಹೊಲ ನೋಡುತ್ತಿದ್ದಳು.

ನವೆಂಬರಿನ ಒಂದು ಗುರುವಾರ ಕಲ್ಯಾಣಿ ದೊಡ್ಡವಳಾದಳು. ಜಾಲಿದೊಡ್ಡಿಯ ಕೇರಿಯಲ್ಲಿ ಅದಕ್ಕೆ ಒಂದು ಕಟ್ಟುನಿಟ್ಟು ಇದೆ. ಮೈನೆರೆದ ಹುಡುಗಿಯ ಜೊತೆಗೆ ಮೂರು ತಿಂಗಳು ಕಬ್ಬಿಣ ಇರಬೇಕು. ಮಲಗಿದರೆ ತಲೆದೆಸೆಗೆ, ಹೊರಗೆ ಹೋದರೆ ಮಡಿಲಿಗೆ. ಚಾಕು, ಕುಡಗೋಲು, ಅಡಕತ್ತು, ಏನಾದರೂ ಆದೀತು. ಆ ದಿನಗಳಲ್ಲಿ ಹುಡುಗಿಗೆ ಗಾಳಿ ಸೋಕುತ್ತದೆ, ಕಬ್ಬಿಣ ಇದ್ದರೆ ಹತ್ತಿರ ಬರುವುದಿಲ್ಲ. ಸೂಗಮ್ಮನ ತವರು ತುಂಗಭದ್ರೆಯ ದಂಡೆಯ ಚೀಕಲಪರ್ವಿ. ಅಲ್ಲಿ ಅವಳ ತಾಯಿ ಅವಳ ಸೊಂಟಕ್ಕೆ ಕಟ್ಟಿದ ಅಡಕತ್ತು ಮೂರು ತಿಂಗಳು ಚರ್ಮ ಕೆರೆದಿತ್ತು. ಮಗಳಿಗೆ ಇದನ್ನು ಹೇಳಿದಾಗ ಮಗಳು ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕಿದ್ದಳು.

“ಗಾಳ್ಯಾಗ ನೈಟ್ರೋಜನ್ ಇರ್ತದ, ಆಕ್ಸಿಜನ್ ಇರ್ತದ ಯವ್ವಾ. ದೆವ್ವ ಇರಂಗಿಲ್ಲ. ಕುಡಗೋಲು ಕಟಿಗೊಂಡು ಹೋದ್ರ ನಮ್ಮ ಮೇಡಂ ನನ್ನ ಹೊಲಕ್ಕ ಕಳಸ್ತಾಳ.”

ಒಂಬತ್ತು ದಿನ ಮನೆಯಲ್ಲಿ ಕೂಡಬೇಕಾಗಿತ್ತು. ಪರೀಕ್ಷೆ ಇದೆ ಎಂದು ಕಲ್ಯಾಣಿ ಆರನೇ ದಿನಕ್ಕೇ ಹೊರಟು ನಿಂತಳು. ಸೂಗಮ್ಮನಿಗೆ ಗಾಳಿಯಲ್ಲಿ ನಂಬಿಕೆ ಇತ್ತೋ ಇಲ್ಲವೋ ಎಂದು ಕೇಳಿದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ. ಹುಬ್ಬಿನ ಮೇಲೆ ಹೊಲಿಗೆಯ ಕಲೆ ಹೊತ್ತ ಮಗಳು ಆ ಗೇಟಿನೊಳಗೆ ಬರಿಗೈಯಲ್ಲಿ ಹೋಗುವುದನ್ನು ಅವಳು ದಿನಾ ನೋಡುತ್ತಿದ್ದಳು. ಅರ್ಜಿ ಕೊಟ್ಟು ನೋಡಿದ್ದಾಗಿತ್ತು. ಉಳಿದಿದ್ದುದು ಕಬ್ಬಿಣ. ಅಟ್ಟದ ಮೇಲೆ ಹಳೆಯ ಕುಡಗೋಲಿತ್ತು. ಹಿಡಿ ಮುರಿದು ಹೋಗಿತ್ತು. ಹಲ್ಲು ಸವೆದು ನುಣ್ಣಗಾಗಿದ್ದವು. ಹುಲ್ಲು ಕೊಯ್ಯಲೂ ಬಾರದೆ ಹತ್ತು ವರ್ಷದಿಂದ ಬಿದ್ದಿತ್ತು. ಮಗಳು ಜಳಕಕ್ಕೆ ಹೋದಾಗ ಅದನ್ನು ಬಟ್ಟೆಯಲ್ಲಿ ಸುತ್ತಿ, ಚೀಲದ ತಳದಲ್ಲಿ ಹಾಸಿದ್ದ ರಟ್ಟಿನ ಕೆಳಗೆ ಇಟ್ಟಳು. ಮಗಳಿಗೆ ಹೇಳಲಿಲ್ಲ. ಹೇಳಿದರೆ ತೆಗೆದು ಬಿಸಾಡುತ್ತಾಳೆ. ಚೀಲ ನೋಡುವವಳು ತಾನೇ, ಆದ್ದರಿಂದ ಹೆದರಿಕೆಯೂ ಇರಲಿಲ್ಲ.

ಎರಡು ದಿನ ಕುಡಗೋಲು ಶಾಲೆಗೆ ಹೋಗಿ ಬಂತು. ಸೂಗಮ್ಮ ಗೇಟಿನಲ್ಲಿ ಮಗಳ ಚೀಲಕ್ಕೆ ಕೈ ಇಳಿಸಿ, ರಟ್ಟಿನ ಮೇಲಿನಿಂದ ಅದನ್ನು ಒಮ್ಮೆ ಮುಟ್ಟಿ, ಹೋಗು ಎನ್ನುತ್ತಿದ್ದಳು. ಆ ಕೆಲಸ ಹತ್ತಿದಾಗಿನಿಂದ ಅವಳಿಗೆ ಸಮಾಧಾನ ಕೊಟ್ಟ ದಿನಗಳು ಅವೆರಡೇ.

ಮೂರನೇ ದಿನ ಜೀಪು ಬಂತು. ಶಾಲೆಯಲ್ಲಿ ಪೊಲೀಸರಿರುವುದರಿಂದ ಮಕ್ಕಳಿಗೆ ಎಷ್ಟು ಸುರಕ್ಷಿತ ಅನ್ನಿಸುತ್ತಿದೆ ಎಂದು ಕೇಳಿ ಬರೆಸಿಕೊಳ್ಳುವ ಫಾರಂ ತಂದಿದ್ದರು. ಜೊತೆಗೆ ಠಾಣೆಯ ಆ ಒಬ್ಬಳೇ ಹೆಣ್ಣು ಪೊಲೀಸು ಸುನಂದಾ ಬಂದಿದ್ದಳು. ಇಪ್ಪತ್ತೈದರ ಹುಡುಗಿ, ನಿದ್ದೆಗೆಟ್ಟ ಕಣ್ಣು. ನೀ ಹೋಗಿ ಪಾತ್ರೆ ನೋಡು ಎಂದು ಕೊಟ್ರೇಶ ಸೂಗಮ್ಮನನ್ನು ಹಿಂದಕ್ಕೆ ಕಳಿಸಿದ. ಮಗಳು ಇನ್ನೂ ಬಂದಿರಲಿಲ್ಲ. ರಸ್ತೆಗೆ ಓಡಿ ತಡೆಯಬೇಕೆಂದರೆ ಗೇಟು ದಾಟಬೇಕು, ಗೇಟಿನಲ್ಲಿ ಕೊಟ್ರೇಶ. ಕೊಪ್ಪರಿಗೆಯ ಮುಂದೆ ಕುಂತು ಬೂದಿ ಹಚ್ಚಿದಳು, ತೊಳೆದದ್ದನ್ನೇ ತೊಳೆದಳು. ಸುನಂದಾ ರಟ್ಟು ಎತ್ತದಿರಲಿ ಎಂದು ಊರಿನ ದೇವರಿಗೂ ಕೇರಿಯ ದೇವರಿಗೂ ಬೇಡಿಕೊಂಡಳು.

ಸುನಂದಾ ರಟ್ಟು ಎತ್ತಿದಳು. ಅವಳಿಗೆ ಕಲಿಸಿದ್ದು ಹಾಗೆ.

ಗೇಟಿನ ಕಡೆಯಿಂದ ಮೊದಲು ಕೊಟ್ರೇಶನ ದನಿ ಕೇಳಿತು. ಆಮೇಲೆ ಕಲ್ಯಾಣಿಯ ದನಿ. ನಂದಲ್ರಿ, ನಂಗ ಗೊತ್ತಿಲ್ರಿ, ನಂದಲ್ರಿ. ಸತ್ಯವನ್ನೇ ಹೇಳುತ್ತಿದ್ದಳು. ನಿನ್ನ ಚೀಲದಲ್ಲಿದ್ದದ್ದು ನಿನ್ನದಲ್ಲದೆ ಯಾರದು ಎಂದು ಕೊಟ್ರೇಶ ಕೇಳುತ್ತಿದ್ದ. ಊರ ಮಕ್ಕಳು ಸುತ್ತ ನೆರೆದಿದ್ದವು. ಸೂಗಮ್ಮ ಬೂದಿ ಕೈಯಲ್ಲೇ ಓಡಿ ಬಂದು ನಂದು ಅಂದಳು.

ಹೆಡ್ ಮಾಸ್ತರ ಕೋಣೆಯಲ್ಲಿ ಆರು ಜನ. ಚನ್ನವೀರ ಸರ್, ಇಬ್ಬರು ಮೇಷ್ಟ್ರು, ಕೊಟ್ರೇಶ, ಜೀಪಿನ ಡ್ರೈವರ್, ಬಾಗಿಲಲ್ಲಿ ಸುನಂದಾ. ಗೋಡೆಗೆ ಹತ್ತಿ ಕಲ್ಯಾಣಿ. ಕಿಟಕಿಯಲ್ಲಿ ಮುಖಗಳು. ಕುಡಗೋಲು ಮೇಜಿನ ಮೇಲೆ, ಹಾಜರಿ ಪುಸ್ತಕಗಳ ಪಕ್ಕ.

ಮಗಳ ಚೀಲದಲ್ಲಿ ಕುಡಗೋಲು ಯಾಕೆ ಇಟ್ಟಿ ಎಂದು ಕೇಳಿದರು. ಸೂಗಮ್ಮ ಸುನಂದಾಳ ಕಡೆ ನೋಡಿ, ಈಕೆಗೆ ಆಚೆ ಹೇಳುತ್ತೇನೆ ಎಂದಳು. ಇಲ್ಲೇ ಹೇಳು, ಬರೆದುಕೊಳ್ಳಬೇಕು ಎಂದ ಕೊಟ್ರೇಶ. ಸೂಗಮ್ಮ ನೆಲ ನೋಡಿದಳು. ಮಗಳ ಪಾದ ಕಂಡವು. ಒಂದು ಪಾದ ಇನ್ನೊಂದರ ಮೇಲೆ ಹತ್ತಿ ಕುಂತಿತ್ತು.

“ದೊಡ್ಡಾಕಿ ಆಗ್ಯಾಳ್ರಿ,” ಎಂದಳು. “ಎಂಟು ದಿನಾತು. ಗಾಳಿ ಸೋಕಬಾರದಂತ ಕಬ್ಬಿಣ ಇಟ್ಟೀನಿ. ಆಕಿಗಿ ಗೊತ್ತಿಲ್ರಿ.”

ಕಿಟಕಿಯಲ್ಲಿ ಯಾರೋ ಕಿಸಕ್ಕೆಂದರು. ಡ್ರೈವರ್ ಹೊರಗೆ ನೋಡಿದ. ಕಲ್ಯಾಣಿ ಮುಖ ಮುಚ್ಚಿಕೊಳ್ಳಲಿಲ್ಲ. ಅವಳ ಮುಖದಿಂದ ಏನೋ ಇಳಿದು ಹೋಯಿತು, ಅಷ್ಟೇ. ಸೂಗಮ್ಮ ಅದನ್ನು ಕಂಡಳು. ಬಡಿದ ಆ ಇಬ್ಬರು ಜಡೆ ಎಳೆದ ದಿನ ಆ ಮುಖದಲ್ಲಿ ನೋವಿತ್ತು, ಸಿಟ್ಟಿತ್ತು. ಇಂದು ಅದೂ ಇರಲಿಲ್ಲ.

ಕೊಟ್ರೇಶ ಎರಡು ಕಾಗದ ತೆಗೆದ. ಅವನೂ ಕೂಗಲಿಲ್ಲ. ಒಂದು ಕಾಗದದಲ್ಲಿ ಹರಿತವಾದ ಮಾರಕ ಆಯುಧ ಸಿಕ್ಕಿದೆ ಎಂದು ಬರೆಯುವುದು. ಹುಡುಗಿಯನ್ನು ರಾಯಚೂರಿನ ಬಾಲಮಂದಿರದ ಸಾಹೇಬರ ಮುಂದೆ ನಿಲ್ಲಿಸುವುದು. ಟಿ.ಸಿ.ಯ ಮೇಲೂ ಅದು ಬರುತ್ತದೆ ಎಂದು ಚನ್ನವೀರ ಸರ್ ಸೇರಿಸಿದರು; ಅಂಥ ಟಿ.ಸಿ. ಹಿಡಿದು ಹೋದರೆ ಗಬ್ಬೂರಿನಲ್ಲೂ ಸೇರಿಸಿಕೊಳ್ಳುವುದಿಲ್ಲ, ದೇವದುರ್ಗದಲ್ಲೂ ಸೇರಿಸಿಕೊಳ್ಳುವುದಿಲ್ಲ. ಇನ್ನೊಂದು ಕಾಗದ ಮೊದಲೇ ಟೈಪಾಗಿತ್ತು. ಆಗಸ್ಟಿನ ಅರ್ಜಿ ತಿಳಿಯದೆ ಕೊಟ್ಟದ್ದು, ಮಕ್ಕಳ ಆಟದಲ್ಲಿ ಹುಡುಗಿ ಮೆಟ್ಟಿಲಿನಿಂದ ಜಾರಿ ಬಿದ್ದಳು, ಯಾರ ಮೇಲೂ ದೂರಿಲ್ಲ. ಅದು ಎಷ್ಟು ದಿನದಿಂದ ಅವನ ಜೇಬಿನಲ್ಲಿತ್ತೋ, ಮಡಿಕೆಗಳು ಹರಿದಿದ್ದವು.

“ಯಾವುದು ಬೇಕು ನೀನ ಹೇಳಬೇ. ನಾ ಜುಲುಮಿ ಮಾಡಂಗಿಲ್ಲ.”

ಸೂಗಮ್ಮ ಸಟ್ಟನೆ ಕುಡಗೋಲು ಎತ್ತಿಕೊಂಡಳು. ಇಬ್ಬರು ಮೇಷ್ಟ್ರು ಹಿಂದಕ್ಕೆ ಸರಿದರು. ಅವಳು ಅದರ ಬಾಯನ್ನು ತನ್ನ ಎಡಗೈಯ ಮೇಲೆ ಇಟ್ಟು ಮೊಣಕೈಯಿಂದ ಮುಂಗೈ ತನಕ ಎಳೆದಳು. ಒತ್ತಿ ಎಳೆದಳು. ಮತ್ತೆ ಎಳೆದಳು. ತುಕ್ಕಿನ ಕೆಂಪು ಗೆರೆ ಮೂಡಿತು. ರಕ್ತ ಬರಲಿಲ್ಲ.

“ನೋಡ್ರಿ. ನೋಡ್ರಿ ಸಾಹೇಬ್ರ. ಕೊಯ್ಯಂಗಿಲ್ಲ ಇದು. ಹರಿತ ಅಂತ ಹ್ಯಾಂಗ ಬರಿತೀರಿ?”

“ಅಧಿಕಾರಿ ಮುಂದ ಆಯುಧ ಬೀಸಿದಳು ಅಂತ ಅದನ್ನೂ ಬರೀಲೇನು?” ಎಂದ ಕೊಟ್ರೇಶ.

ಸೂಗಮ್ಮ ಅದನ್ನು ಮೇಜಿನ ಮೇಲೆ ಇಟ್ಟಳು. ಯಾರಾದರೂ ಏನಾದರೂ ಹೇಳಿಯಾರು ಎಂದು ಒಬ್ಬೊಬ್ಬರ ಮುಖ ನೋಡಿದಳು. ಆಮೇಲೆ ಬೂದಿ ಹತ್ತಿದ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು ಮಸಿಗೆ ಅದ್ದಿದಳು. ಗೆರೆ ಮೂಡಲಿಲ್ಲ, ಬರೀ ಕಪ್ಪು ಕಲೆ ಬಿತ್ತು. ಇನ್ನೊಮ್ಮೆ ಒತ್ತು ಎಂದರು. ಇನ್ನೊಮ್ಮೆ ಒತ್ತಿದಳು. ಹುಡುಗಿ ತರಗತಿಗೆ ಹೋಗಲಿ, ನಾಳೆಯಿಂದ ಯಥಾಪ್ರಕಾರ ನೀನು ಗೇಟಿಗೆ ಬಾ ಎಂದು ಚನ್ನವೀರ ಸರ್ ಹೇಳಿದರು. ದೊಡ್ಡ ಉಪಕಾರ ಮಾಡಿದವರ ದನಿಯಲ್ಲಿ ಹೇಳಿದರು.

ಪಡಸಾಲೆಗೆ ಬಂದಾಗ ಸುನಂದಾ ಹಿಂದಿನಿಂದ ಬಂದಳು. ಸುತ್ತ ನೋಡಿದಳು.

“ನಮ್ಮವ್ವನೂ ಇಟ್ಟಿದ್ಳು ನನಗ,” ಎಂದಳು. “ಚಾಕು. ದಿಂಬಿನ ಕೆಳಗ.”

“ಒಳಗ ಯಾಕ ಅನ್ನಲಿಲ್ಲವ್ವಾ?” ಎಂದು ಸೂಗಮ್ಮ ಕೇಳಿದಳು.

ಸುನಂದಾ ಟೋಪಿ ಸರಿ ಮಾಡಿಕೊಂಡು ಜೀಪಿನ ಕಡೆ ಹೋದಳು.

ಆ ದಿನ ಒಂಬತ್ತನೇ ತರಗತಿಯಲ್ಲಿ ನಡೆದದ್ದನ್ನು ಕಲ್ಯಾಣಿಯ ಗೆಳತಿ ಹುಲಿಗೆಮ್ಮ ಸಂಜೆ ಹೇಳಿದಳು. ಸುರಕ್ಷತೆಯ ಫಾರಂ ಹಂಚಿದ್ದರು. ಹತ್ತು ಪ್ರಶ್ನೆ, ಹೌದು ಅಥವಾ ಇಲ್ಲ. ಉತ್ತರಗಳನ್ನು ಮೇಷ್ಟ್ರೊಬ್ಬರು ಮೊದಲೇ ಬೋರ್ಡಿನ ಮೇಲೆ ಬರೆದು ಹೋಗಿದ್ದರು. ಮಕ್ಕಳೆಲ್ಲ ಇಳಿಸಿಕೊಂಡರು. ನಾಲ್ಕನೇ ಪ್ರಶ್ನೆ, ಪೊಲೀಸರು ಬಂದ ಮೇಲೆ ನಿನ್ನ ಭಯ ಕಡಿಮೆಯಾಗಿದೆಯೇ? ಕಲ್ಯಾಣಿ ಎದ್ದು ನಿಂತು ಆತಿಯಾ ಮೇಡಂ ಅವರನ್ನು, ಯಾರ ಭಯ ಮೇಡಂ, ಹೊಡೆದವರದೋ ಕಾಯುವವರದೋ ಎಂದು ಕೇಳಿದಳಂತೆ. ಮೇಡಂ ಕಿಟಕಿಯ ಹತ್ತಿರ ಹೋಗಿ ನಿಂತರಂತೆ. ಕಲ್ಯಾಣಿ ಖಾಲಿ ಫಾರಂ ಕೊಟ್ಟಳಂತೆ. ಅದರಲ್ಲಿ ಯಾರು ಹೌದು ಬರೆದರೋ ಗೊತ್ತಿಲ್ಲ. ಕಟ್ಟಿನಲ್ಲಿ ಖಾಲಿ ಫಾರಂ ಒಂದೂ ಹೋಗಲಿಲ್ಲ.

ಕೇರಿಗೆ ಸುದ್ದಿ ಸೂಗಮ್ಮನಿಗಿಂತ ಮೊದಲೇ ಮುಟ್ಟಿತ್ತು. ಅರ್ಜಿ ಬರೆಸಿದ ಹಿರಿಯ ಆದೆಪ್ಪ ಅವಳ ಬಾಗಿಲಿಗೆ ಬಂದು ಕಟ್ಟೆಯ ಮೇಲೆ ಕೂಡದೆ ನಿಂತೇ ಮಾತಾಡಿದ. ಹದಿನಾಲ್ಕು ಮನೆಯವರು ಮೂರು ತಿಂಗಳು ಕೂಲಿ ಇಲ್ಲದೆ ಕೂತಿದ್ದಾರೆ. ಅರ್ಜಿ ಕೊಟ್ಟವರನ್ನು ಊರವರು ಹತ್ತಿ ಬಿಡಿಸಲು ಕರೆಯುತ್ತಿಲ್ಲ. ಹೆಂಗಸರು ಯಾಪಲದಿನ್ನಿಯ ತನಕ ಕೆಲಸ ಹುಡುಕಿಕೊಂಡು ಹೋಗುತ್ತಿದ್ದಾರೆ. ಯಾರೂ ಹೆಬ್ಬೆಟ್ಟು ಹಿಂದಕ್ಕೆ ತೆಗೆದುಕೊಂಡಿರಲಿಲ್ಲ.

“ನಮಗ ಒಂದು ಮಾತು ಕೇಳಬೇಕಿತ್ತು ತಂಗಿ,” ಎಂದ.

“ಕೇಳಾಕ ಟೈಮ್ ಕೊಟ್ರೇನಣ್ಣ?”

“ಇಲ್ಲ. ಖರೇ. ಅವರು ಕೊಡಂಗಿಲ್ಲ.” ಆದೆಪ್ಪ ಹೋಗಲು ತಿರುಗಿದ. “ಆದ್ರ ಹೋತಲ್ಲ. ಎಲ್ಲಾ ಹೋತಲ್ಲ.”

ಅವನು ಬೈದಿದ್ದರೆ ಸೂಗಮ್ಮ ಉತ್ತರ ಕೊಡುತ್ತಿದ್ದಳು. ಅವನು ಬೈಯಲಿಲ್ಲ. ಮಾನ್ವಿಯಿಂದ ಹಂಪಯ್ಯ ಫೋನಿನಲ್ಲಿ, ಹುಡುಗಿ ಶಾಲೆಗೆ ಹೋಗುತ್ತಾಳಲ್ಲ, ಅಷ್ಟೇ ಸಾಕು ಎಂದ. ಹಿಂದೆ ಗಿರಣಿಯ ಸದ್ದು ಜೋರಾಗಿತ್ತು. ಅವನು ಅದನ್ನೇ ಎರಡು ಸಲ ಹೇಳಿದ.

ಕಲ್ಯಾಣಿ ಮೂಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕುಂತಿದ್ದಳು. ರೊಟ್ಟಿ ತಿನ್ನಲಿಲ್ಲ. ಸೂಗಮ್ಮ ಹತ್ತಿರ ಹೋಗಿ ತಲೆ ಮುಟ್ಟಿದಳು. ಹೆಬ್ಬೆರಳಿನ ಮಸಿ ಇನ್ನೂ ಹೋಗಿರಲಿಲ್ಲ.

“ನಾ ಮೆಟ್ಟಿಲದಿಂದ ಜಾರಿ ಬಿದ್ದೆನೇನು ಯವ್ವಾ?” ಎಂದು ಕಲ್ಯಾಣಿ ಕೇಳಿದಳು.

ಸೂಗಮ್ಮ ಹೆಬ್ಬೆರಳನ್ನು ಸೆರಗಿಗೆ ತಿಕ್ಕಿದಳು.

“ನೀನ ಹೇಳು. ನಾಳೆ ಯಾರರ ಕೇಳಿದ್ರ ನಾ ಏನನ್ಲಿ? ಜಾರಿ ಬಿದ್ದೆ ಅನ್ಲೇನು?”

“ಹತ್ತನೇತ್ತ ಮುಗೀಲಿ ಅಂತ ಒತ್ತೀನವ್ವಾ. ಇನ್ನೊಂದೂವರಿ ವರ್ಷ. ಕಣ್ಣು ಮುಚಿಗೊಂಡು ಹೋಗಿ ಬಾ.”

“ಅಲ್ಲಿ ಎಲ್ಲಾರಿಗೂ ನನ್ನ ಸುದ್ದಿ ಗೊತ್ತಾಗ್ಯದ,” ಎಂದಳು ಕಲ್ಯಾಣಿ. ಮತ್ತೆ ಗೋಡೆಯ ಕಡೆ ತಿರುಗಿದಳು.

ಬೆಳಿಗ್ಗೆ ಕಲ್ಯಾಣಿ ಎದ್ದು ಜಳಕ ಮಾಡಿ ಜಡೆ ತಾನೇ ಹಾಕಿಕೊಂಡಳು. ಶಾಲೆಗೆ ಹೋಗುತ್ತಾಳೋ ಇಲ್ಲವೋ ಎಂದು ಕೇಳಲು ಸೂಗಮ್ಮನಿಗೆ ಧೈರ್ಯ ಬರಲಿಲ್ಲ. ಮೊದಲೇ ಹೋಗಿ ಗೇಟಿನಲ್ಲಿ ನಿಂತಳು. ಕೊಟ್ರೇಶ ಕುರ್ಚಿಯಲ್ಲಿ ಕಾಲು ಚಾಚಿದ್ದ. ಇವತ್ತು ತಳದ ರಟ್ಟೂ ಎತ್ತಿ ನೋಡು, ಇನ್ನು ಮೇಲೆ ಹಾಗೇ ಎಂದ. ಕೇರಿಯ ದಾರಿಯಲ್ಲಿ ಹುಡುಗಿಯರು ಬರುತ್ತಿರುವುದು ಕಂಡಿತು. ಎಣಿಸಿದಳು. ಹನ್ನೊಂದೂ ಮಂದಿ ಇದ್ದರು. ಬಂದಳಲ್ಲ, ಇನ್ನು ಹೇಗೋ ನಡೆದೀತು ಅಂದುಕೊಂಡಳು.

ದಿನಾ ಕೊನೆಗೆ ನಿಲ್ಲುತ್ತಿದ್ದ ಕಲ್ಯಾಣಿ ಇಂದು ಮೊದಲು ನಿಂತಿದ್ದಳು. ಬಲಗಡೆಯಿಂದ ಹೋಗುತ್ತಿದ್ದ ಊರ ಹುಡುಗಿಯರು ಅವಳನ್ನು ನೋಡಿ ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿದರು. ಕಲ್ಯಾಣಿ ಬಗಲಿನಿಂದ ಚೀಲ ತೆಗೆದು, ಬಾಯಿ ಅಗಲ ಮಾಡಿ, ಎರಡೂ ಕೈಯಿಂದ ತಾಯಿಯ ಮುಂದೆ ಹಿಡಿದಳು. ಹೊಲದ ಕಡೆ ನೋಡಲಿಲ್ಲ. ತಾಯಿಯ ಕಣ್ಣನ್ನೇ ನೋಡಿದಳು.

“ನೋಡ್ರಿ ಮೇಡಂ,” ಎಂದಳು.

ಸೂಗಮ್ಮನ ಕೈ ಚೀಲದ ಬಾಯಿಯ ತನಕ ಹೋಗಿತ್ತು. ಅಲ್ಲೇ ನಿಂತಿತು. ಹಡೆದ ಮಗಳಿಗೆ ತಾನು ಮೇಡಂ ಆಗಿದ್ದಳು. ಜಡೆ ಎಳೆದವರಿಗೆ, ಬರೆದುಕೊಂಡವನಿಗೆ, ಟೈಪು ಮಾಡಿದ ಕಾಗದಕ್ಕೆ, ಎಲ್ಲಕ್ಕೂ ತನ್ನ ಈ ಕೈಯೇ ಬೇಕಾಗಿತ್ತು. ಈ ಕೈ ಇಲ್ಲದಿದ್ದರೆ ಅವರಿಗೆ ಒಂದು ಚೀಲ ನೋಡಲಿಕ್ಕೂ ಬರುತ್ತಿರಲಿಲ್ಲ.

ಅವಳು ಕೈ ಹಿಂದಕ್ಕೆ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಯಾಕಬೇ, ನಿದ್ದಿ ಬಂತೇನು? ನೋಡು ಜಲ್ದಿ,” ಎಂದ ಕೊಟ್ರೇಶ.

“ನೋಡಂಗಿಲ್ರಿ.”

“ಏನಂದಿ?”

“ನೋಡಂಗಿಲ್ಲ. ಈಕೀದೂ ನೋಡಂಗಿಲ್ಲ, ಯಾರದೂ ನೋಡಂಗಿಲ್ಲ. ನಮ್ಮ ಮಕ್ಕಳು ಕಳ್ಳರಲ್ಲ. ಹೊಡಿಸಿಕೊಂಡವರು. ಹೊಡದವರ ಚೀಲ ನೋಡು ಹೋಗು.”

ಕೊಟ್ರೇಶ ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು. ಚನ್ನವೀರ ಸರ್ ಪಡಸಾಲೆಯಿಂದ ಇಳಿದು ಬಂದರು. ಅವರೂ ಅಂದು ಕೂಗಿದರು. ಇವತ್ತಿಗೆ ನಿನ್ನ ಕೆಲಸ ಮುಗಿಯಿತು, ಕೊಪ್ಪರಿಗೆ ಮುಟ್ಟಬೇಡ ಎಂದರು. ಮುಟ್ಟುವುದಿಲ್ಲ ಎಂದು ಸೂಗಮ್ಮ ಹೇಳಿದಳು. ನಿನ್ನೆಯ ಕಾಗದ ಇನ್ನೂ ನನ್ನ ಜೇಬಿನಲ್ಲೇ ಇದೆ, ಆಯುಧ ಸಿಕ್ಕಿತೆಂಬ ಇನ್ನೊಂದನ್ನೂ ಬರೆಯಬಲ್ಲೆ ಎಂದು ಕೊಟ್ರೇಶ ಹೇಳಿದ. ಬರೆಯುತ್ತಾನೆಂದು ಅವಳಿಗೆ ಗೊತ್ತಿತ್ತು. ಹೆಬ್ಬೆಟ್ಟು ಒತ್ತಿ ಉಳಿಸಿಕೊಂಡದ್ದು ಒಂದು ದಿನವೂ ಉಳಿಯಲಿಲ್ಲ ಎಂಬುದೂ ಗೊತ್ತಿತ್ತು. ಆದರೂ ಕಾಲು ಮುಂದೆ ನಡೆದವು. ಗೇಟಿನಿಂದ ಹೊರಗೆ ಬಂದು ಹುಡುಗಿಯರ ಸಾಲಿನ ಕೊನೆಗೆ ನಿಂತಳು.

ಕೊಟ್ರೇಶ ತಾನೇ ಕಲ್ಯಾಣಿಯ ಚೀಲಕ್ಕೆ ಕೈ ಚಾಚಿದ. ಅವಳು ಚೀಲವನ್ನು ಎದೆಗೆ ಅವಚಿಕೊಂಡಳು. ಹಿಂದಿನ ಹುಲಿಗೆಮ್ಮನೂ ಅವಚಿಕೊಂಡಳು. ಏಳನೇ ತರಗತಿಯ ಸಣ್ಣ ಹುಡುಗಿಯೊಬ್ಬಳು ಅಳುತ್ತಲೇ ತನ್ನದನ್ನು ಅವಚಿಕೊಂಡಳು. ಚೀಲ ತೋರಿಸದವರು ಒಳಗೆ ಇಲ್ಲ ಎಂದು ಚನ್ನವೀರ ಸರ್ ಗೇಟು ಎಳೆದು ಚಿಲಕ ಹಾಕಿದರು. ಗಂಟೆ ಹೊಡೆಯಿತು. ಒಳಗೆ ಪ್ರಾರ್ಥನೆ ನಡೆಯಿತು, ಮುಗಿಯಿತು. ಹುಡುಗಿಯರು ಬಿಸಿಲಿನಲ್ಲಿ ಹಾಗೇ ನಿಂತಿದ್ದರು.

ಒಂಬತ್ತನೇ ತರಗತಿಯ ಕೋಣೆ ಗೇಟಿಗೆ ಎಲ್ಲಕ್ಕಿಂತ ಹತ್ತಿರ. ಮೊದಲ ಅವಧಿ ಆತಿಯಾ ಮೇಡಂ ಅವರದು. ಹಾಜರಿ ಕರೆಯುವ ದನಿ ಕಿಟಕಿಯಿಂದ ಬರುತ್ತಿತ್ತು. ಹೆಸರು, ಉತ್ತರ. ಹೆಸರು, ಉತ್ತರ.

“ಕಲ್ಯಾಣಿ.”

ಒಳಗಿನಿಂದ ಉತ್ತರ ಬರಲಿಲ್ಲ.

“ಹಾಜರ್ ಮೇಡಂ,” ಎಂದು ಕಲ್ಯಾಣಿ ಗೇಟಿನ ಸರಳು ಹಿಡಿದು ಕೂಗಿದಳು. ಇನ್ನೊಮ್ಮೆ ಕೂಗಿದಳು. “ಹೊರಗ ಇದ್ದೀನ್ರಿ. ಹಾಜರ್.”

ಒಳಗಿದ್ದವರದಷ್ಟೇ ಕರೆಯಿರಿ ಎಂದು ಚನ್ನವೀರ ಸರ್ ಪಡಸಾಲೆಯಿಂದ ಹೇಳಿದ್ದು ಹೊರಗಿನವರಿಗೂ ಕೇಳಿತು. ಆಮೇಲೆ ಬಹಳ ಹೊತ್ತು ಏನೂ ಕೇಳಲಿಲ್ಲ. ಸೂಗಮ್ಮ ಕಿಟಕಿಯ ಕತ್ತಲನ್ನೇ ನೋಡುತ್ತಿದ್ದಳು. ಅಲ್ಲಿ ಆ ಹೆಣ್ಣುಮಗಳು ಪೆನ್ನು ಹಿಡಿದು ಏನು ಬರೆಯುತ್ತಿದ್ದಾಳೆ ಎಂಬುದು ಕಾಣುತ್ತಿರಲಿಲ್ಲ.

ಕೊಟ್ರೇಶ ಬೈಕಿಗೆ ಒರಗಿ ದೇವದುರ್ಗಕ್ಕೆ ಫೋನು ಹಚ್ಚಿದ್ದ. ಹೌದು ಸರ್, ಗೇಟಿನ ಮುಂದೇ ಸರ್, ದೊಡ್ಡ ಗಾಡಿ ಕಳಿಸಿರಿ ಎನ್ನುತ್ತಿದ್ದ. ಎಷ್ಟು ಜನ ಎಂದು ಆ ಕಡೆಯಿಂದ ಕೇಳಿರಬೇಕು. ಹನ್ನೊಂದು ಅಂದ. ಸಾಲಿನ ತುದಿಯ ತನಕ ಕಣ್ಣಾಡಿಸಿದ.

“ಅಲ್ಲ ಸರ್. ಹನ್ನೆರಡು.”

ಕಿಟಕಿಯಿಂದ ಆತಿಯಾ ಮೇಡಂ ಮುಂದಿನ ಹೆಸರು ಕರೆದರು. ಹುಲಿಗೆಮ್ಮ. ಗೇಟಿನ ಹೊರಗೆ ಕೇಳುವಷ್ಟು ಜೋರಾಗಿ ಕರೆದರು.